ಪದ ಬೇಕು: ‘ಕಾರ್ಡಿಯೋವಾಸ್ಕ್ಯುಲರ್ ಟೆಕ್ನಾಲಜಿಸ್ಟ್’ (ಬೋರ್ಡಿಗೆ, ನಾಳೆಯೊಳಗೆ)

ಕುಂಬಳೆಯಿಂದ:
ನಮಸ್ಕಾರ. ಕಾಸರಗೋಡು ಕಡೆಯ ಒಂದು ಆಸ್ಪತ್ರೆಯಲ್ಲಿ ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಹೃದಯ ಪರೀಕ್ಷೆ) ಮಾಡುವ ಕೆಲಸ ನನ್ನದು. ನಮ್ಮ ಬಾಗಿಲಿಗೆ ಮೂರು ಭಾಷೆಯ ಬೋರ್ಡು ಬರುತ್ತಿದೆ. ಕನ್ನಡದ ಸಾಲನ್ನು ಮಲಯಾಳದಿಂದ ಲಿಪಿ ಮಾತ್ರ ಬದಲಿಸಿ ಇಳಿಸಿದ್ದಾರೆ: ‘ಹೃದಯ ಸಾಂಕೇತಿಕ ವಿದಗ್ಧ’. ಮಲಯಾಳದಲ್ಲಿ ‘ಸಾಂಕೇತಿಕ’ ಅಂದರೆ ತಾಂತ್ರಿಕ. ನಮ್ಮಲ್ಲಿ ಅದು ಸಾಂಕೇತಿಕ ಮುಷ್ಕರದ ಸಾಂಕೇತಿಕ. ನಾನೇನು ಲೆಕ್ಕಕ್ಕೆ ಮಾತ್ರ ಕೂತವನೇ?

‘ಹೃದಯ ತಜ್ಞ’ ಬೇಡ. ಮೊನ್ನೆ ಎಡಮಗ್ಗುಲಿಗೆ ಮಲಗಿಸಿ ಎದೆಗೆ ಜೆಲ್ ಹಚ್ಚುವಾಗಲೇ ಒಬ್ಬರು ಅಜ್ಜಿ, “ಡಾಕ್ಟ್ರೇ, ಬ್ಲಾಕ್ ಉಂಟಾ?” ಅಂದರು. ನಾನು ಚಿತ್ರ ತೆಗೆದು ಅಳತೆ ಗುರುತು ಮಾಡುವವನು. ನೋಡಿ ಹೇಳುವವರು ಡಾಕ್ಟರು. ಬ್ಲಾಕ್ ಎಕೋದಲ್ಲಿ ನೇರವಾಗಿ ಕಾಣುವಂಥದ್ದೂ ಅಲ್ಲ.

ನೀರ್ಚಾಲಿನಿಂದ:
‘ಹೃದಯ–ರಕ್ತನಾಳ ತಂತ್ರಜ್ಞ’. ಚರ್ಚೆ ಅನಗತ್ಯ. ‘ತಂತ್ರ’ದ ಧಾತು ‘ತನ್’. ಮೂಲದಲ್ಲಿ ಮಗ್ಗ, ಹಾಸುನೂಲು. ತಂತು, ತಂತಿ ಎಲ್ಲ ಅದೇ ಬೇರು. ಡಚ್ ವಿಜ್ಞಾನಿ ಐಂತೋವನ್ ಇಸಿಜಿ ತೆಗೆದದ್ದೇ ಬೆಳ್ಳಿ ಲೇಪಿಸಿದ ಒಂದು ತಂತುವಿನಿಂದ. 1924ರ ನೊಬೆಲ್ ಬಂದದ್ದು ಆ ಕೆಲಸಕ್ಕೆ. ಇದಕ್ಕಿಂತ ಒಪ್ಪುವ ಪದ ಸಿಗಲಿಕ್ಕಿಲ್ಲ.

ಬೆಂಗಳೂರಿನಿಂದ:
ಮತ್ತೆ ಸಂಸ್ಕೃತದ ಮೂಟೆ. ‘ಗುಂಡಿಗೆ’ ನಮ್ಮದೇ ಮಾತು, ತೆಲುಗರಿಗೂ ‘ಗುಂಡೆ’. ‘ಗುಂಡಿಗೆ ಚಳಕಿಗ’ ಎಂದು ಹಾಕಿ. ರಕ್ತನಾಳ ಬೇಕಾದರೆ ‘ನೆತ್ತರುಗೊಳವೆ’.

ಪೆರ್ಲದಿಂದ:
ಚಳಕಿಗ ಅಂದರೆ ಇಲ್ಲಿ ಕಿಸೆಗೆ ಕೈಹಾಕುವವನು ಅಂದುಕೊಂಡಾರು. ಆ ಬೋರ್ಡು ನೋಡಿ ಒಳಗೆ ಹೋಗಲಿಕ್ಕೇ ಗುಂಡಿಗೆ ಬೇಕು. ಇನ್ನು ಮಾಷ್ಟ್ರ ‘ತಂತ್ರ’: ನಮ್ಮೂರಲ್ಲಿ ತಂತ್ರ ಅಂದರೆ ದೇವಸ್ಥಾನದ ತಂತ್ರಿಗಳು, ಬ್ರಹ್ಮಕಲಶ. ‘ಟೆಕ್ನೀಷಿಯನ್’ ಎಂದೇ ಬರೆಯಿರಿ ಮಾರಾಯ್ರೇ. ಜನ ಹೇಳುವುದು ಅದನ್ನೇ.

ನೀರ್ಚಾಲಿನಿಂದ:
ಜನ ಹೇಳುವುದನ್ನೆಲ್ಲ ಬರೆದರೆ ಕನ್ನಡ ಯಾಕೆ? 1956ರಲ್ಲಿ ನಮ್ಮ ನೆಲ ಕೇರಳಕ್ಕೆ ಹೋಯಿತು, ಈಗ ಮಾತು. ‘ಸಾಂಕೇತಿಕ’ ನುಸುಳಿದ್ದು ಇಂಥ ಉದಾಸೀನದಿಂದಲೇ.

ಪೆರ್ಲದಿಂದ:
ಮಾಷ್ಟ್ರೇ, ‘ಸಾಂಕೇತಿಕ’ ಇಂಗ್ಲಿಷಲ್ಲ, ನಿಮ್ಮ ಸಂಸ್ಕೃತವೇ. ತಲಪಾಡಿ ಗಡಿ ದಾಟುವಾಗ ಅರ್ಥ ಬದಲಿಸಿದ್ದು ಅದು. ಟೆಕ್ನೀಷಿಯನ್ ಆಚೆಗೂ ಈಚೆಗೂ ಟೆಕ್ನೀಷಿಯನ್ನೇ.

ಬೆಂಗಳೂರಿನಿಂದ:
ಹಾಗಾದರೆ ಬೋರ್ಡನ್ನೇ ಇಂಗ್ಲಿಷಿನಲ್ಲಿ ಬರೆಸಿ. ನಾನು ಇದರಲ್ಲಿ ಇಲ್ಲ.

ಕುಂಬಳೆಯಿಂದ:
ಫ್ಲೆಕ್ಸಿನವ ಎರಡು ಸಲ ಫೋನ್ ಮಾಡಿ ಆಯಿತು. ದೊಡ್ಡದಾಗಿ ‘ಎಕೋ – ಟಿಎಂಟಿ ಕೋಣೆ’, ಕೆಳಗೆ ‘ಹೃದಯ ಪರೀಕ್ಷೆಯ ಟೆಕ್ನೀಷಿಯನ್’ ಎಂದು ಕಳಿಸಿದೆ. ಮಾಷ್ಟ್ರು ಕ್ಷಮಿಸಬೇಕು. ರಕ್ತನಾಳ ಬಿಟ್ಟುಹೋಯಿತು, ಗೊತ್ತುಂಟು; ಬೋರ್ಡಿನಲ್ಲಿ ಜಾಗ ಇಲ್ಲ.

ಇನ್ನೊಂದು ಉಂಟು. ಇಸಿಜಿಯ ಕರಪತ್ರದಲ್ಲಿ ‘12 ಲೀಡ್’ ಎಂಬುದನ್ನು ‘12 ತಂತಿ’ ಮಾಡಿದ್ದಾರೆ. ನಾನು ಜೋಡಿಸುವ ತಂತಿ ಎದೆಗೆ 6, ಕೈಕಾಲಿಗೆ 4, ಒಟ್ಟು 10. ಯಾರಾದರೂ ಎಣಿಸಿ ಇನ್ನೆರಡು ಎಲ್ಲಿ ಎಂದು ಕೇಳಿದರೆ? ಲೀಡ್ ಅಂದರೆ ಇಲ್ಲಿ ತಂತಿಯಲ್ಲ, ಹೃದಯದ ವಿದ್ಯುತ್ತನ್ನು ಒಂದೊಂದು ಕೋನದಿಂದ ಕಂಡ ಗೆರೆ. ಅದಕ್ಕೇನು ಹೇಳೋಣ?

ನೀರ್ಚಾಲಿನಿಂದ:
‘ದರ್ಶನ’. ದ್ವಾದಶ ದರ್ಶನ.

ಪೆರ್ಲದಿಂದ:
ಹಾಗಾದರೆ ತಂತ್ರಿಗಳನ್ನೇ ಕರೆಸಿ.