ನಮ್ಮ ಸಣ್ಣ ಸಭೆಯ ಕಟ್ಟಡ ಮುಚ್ಚುತ್ತಿದೆ, ನನ್ನನ್ನು ಹಿರಿಯಳಾಗು ಎನ್ನುತ್ತಿದ್ದಾರೆ: ಅನುಭವ ಇದ್ದವರು ಹೇಳಿ

ಎಲ್ಲರಿಗೂ ವಂದನೆ. ನಾನು ಧಾರವಾಡದವಳು, ನಮ್ಮದು ಬಾಸೆಲ್ ಮಿಷನ್ ಕಾಲದ ಕ್ರೈಸ್ತ ಮನೆತನ. ಆಸ್ಪತ್ರೆಯ ಕೆಲಸಕ್ಕೆಂದು ಬಂದು ಆರು ವರ್ಷಗಳಿಂದ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಒಂದು ಸಣ್ಣ ಊರಿನಲ್ಲಿದ್ದೇನೆ. ಹತ್ತಿರದಲ್ಲಿರುವುದು ಚರ್ಚ್ ಆಫ್ ಸ್ಕಾಟ್ಲೆಂಡಿನ ಸಭೆ, ಅಂದರೆ ಹಿರಿಯರ ಕೂಟಗಳು ನಡೆಸುವ ಪ್ರೆಸ್ಬಿಟೇರಿಯನ್ ಸಭೆ. ಅಲ್ಲಿಗೇ ಹೋಗುತ್ತೇವೆ. ಭಾನುವಾರ ಮೂವತ್ತು ಜನ ಸೇರಿದರೆ ಹೆಚ್ಚು. ಅವರಲ್ಲಿ ನಲವತ್ತರ ಒಳಗಿನವರು ನಾನು ಮತ್ತು ನನ್ನ ಗಂಡ ಇಬ್ಬರೇ.

ಸಭಾಪಾಲಕರು ಕಳೆದ ವರ್ಷ ನಿವೃತ್ತರಾದರು. ಅಕ್ಕಪಕ್ಕದ ಎರಡು ಸಭೆಗಳ ಜೊತೆ ನಮ್ಮನ್ನು ಸೇರಿಸುವುದಾಗಿಯೂ ನಮ್ಮ ಕಟ್ಟಡವನ್ನು ಮಾರುವುದಾಗಿಯೂ ಸುತ್ತಲಿನ ಸಭೆಗಳನ್ನು ನೋಡಿಕೊಳ್ಳುವ ಮಂಡಳಿಯಾದ ಪ್ರೆಸ್ಬಿಟರಿಯ ಯೋಜನೆ ಹೇಳುತ್ತದೆ. ಅಂದಿನಿಂದ ಆರಾಧನೆ ಮುಗಿದ ಮೇಲಿನ ಚಹಾ ಕೂಡ ಕಹಿಯಾಗಿದೆ. ಈ ನಡುವೆ ಸೆಷನ್ ಕ್ಲರ್ಕ್, ಅಂದರೆ ಹಿರಿಯರ ಕೂಟದ ಕಾರ್ಯದರ್ಶಿ, ನನ್ನ ಬಳಿ ಬಂದು ಹಿರಿಯಳಾಗುತ್ತೀಯಾ ಎಂದು ಕೇಳಿದರು. ಇದು ಗೌರವವೋ, ತೂತಾದ ದೋಣಿಯ ನೀರು ತೋಡುವ ಕೆಲಸವೋ ತಿಳಿಯುತ್ತಿಲ್ಲ. ಎಡಿನ್‌ಬರೋದ ದೊಡ್ಡ ಚರ್ಚಿಗೆ ಹೋಗೋಣ, ಮಗಳಿಗೆ ಜೊತೆಯಾದರೂ ಸಿಗುತ್ತದೆ ಎಂದು ಗಂಡ ಹೇಳುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅಬರ್ಡೀನ್‌ಷೈರಿನಿಂದ

ಅಕ್ಕಾ, ಇದೇ ದಾರಿಯಲ್ಲಿ ನಾವು ನಿಮಗಿಂತ ಎರಡು ವರ್ಷ ಮುಂದಿದ್ದೇವೆ. ಮೊದಲು ಕ್ರಮ ಹೇಳುತ್ತೇನೆ. ನಮ್ಮಲ್ಲಿ ಅರ್ಧ ಜಗಳ ಆದದ್ದೇ ಕ್ರಮ ಗೊತ್ತಿಲ್ಲದೆ. ಸಭಾಪಾಲಕರು ಹೋದ ಮೇಲೆ ಪ್ರೆಸ್ಬಿಟರಿ ಒಬ್ಬ ಇಂಟರಿಮ್ ಮಾಡರೇಟರನ್ನು ನೇಮಿಸುತ್ತದೆ. ಕರ್ಕ್ ಸೆಷನ್, ಅಂದರೆ ಹಿರಿಯರ ಕೂಟ, ಸೇರಿದಾಗ ಅಧ್ಯಕ್ಷತೆ ವಹಿಸುವುದು ಅವರ ಕೆಲಸ. ಅವರು ನಿಮ್ಮ ಹೊಸ ಅಯ್ಯನವರಲ್ಲ. ‘ಕಾಯಿಲೆ ಬಿದ್ದರೂ ನೋಡಲು ಬರಲಿಲ್ಲ’ ಎಂದು ನಮ್ಮವರು ಎಂಟು ತಿಂಗಳು ಆ ಮನುಷ್ಯನನ್ನು ಬೈದರು. ಪಾಪ, ಅವರ ಹೆಗಲ ಮೇಲೆ ಆಗಲೇ ಅವರವೇ ಎರಡು ಸಭೆಗಳಿದ್ದವು.

ಇನ್ನು ಯೋಜನೆ. 2021ರಲ್ಲಿ ಇಡೀ ಚರ್ಚಿನ ಮೇಲ್ಮಂಡಳಿಯಾದ ಜನರಲ್ ಅಸೆಂಬ್ಲಿ ಒಪ್ಪಿದ ಕಾಯಿದೆಯ ಪ್ರಕಾರ ಪ್ರತಿ ಪ್ರೆಸ್ಬಿಟರಿಯೂ ಐದು ವರ್ಷದ ಯೋಜನೆ ಮಾಡಲೇಬೇಕು. ಎಷ್ಟು ಸಭಾಪಾಲಕರ ಹುದ್ದೆ ಇರುತ್ತದೆ, ಯಾವ ಕಟ್ಟಡ ‘ಎ’ ಪಟ್ಟಿಯಲ್ಲಿ ಉಳಿಯುತ್ತದೆ, ಯಾವುದು ಮುಚ್ಚಬೇಕಾದ ‘ಬಿ’ ಪಟ್ಟಿಗೆ ಬೀಳುತ್ತದೆ ಎಲ್ಲವೂ ಅದರಲ್ಲಿ. ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸುತ್ತಾರೆ. ಪರಿಶೀಲನೆಯಲ್ಲಿ ನಮ್ಮ ಕಟ್ಟಡ ಬದುಕಿಕೊಂಡೀತು ಎಂಬ ಆಸೆಗೆ ಬಿದ್ದು ನಾವು ಇಡೀ ವರ್ಷ ಕಳೆದೆವು. ಅದು ಬದುಕಲಿಲ್ಲ.

ಆಮೇಲೆ ಒಂದಾಗುವ ಕರಾರು ಬರುತ್ತದೆ. ಬೇಸಿಸ್ ಆಫ್ ಯೂನಿಯನ್ ಎನ್ನುತ್ತಾರೆ. ಹೊಸ ಸಭೆಯ ಹೆಸರು, ಆರಾಧನೆಯ ಸ್ಥಳ, ಮೂರು ಸಭೆಗಳ ಹಣ ಎಲ್ಲಿಗೆ ಎಂಬುದೆಲ್ಲ ಅದರಲ್ಲಿರುತ್ತದೆ. ದಯವಿಟ್ಟು ಅದನ್ನು ಸಾಲು ಸಾಲಾಗಿ ಓದಿ. ನಮ್ಮಲ್ಲಿ ಹೆಸರಿಗಾಗಿ ಮೂರು ಸಂಜೆ ಚರ್ಚೆಯಾಯಿತು. ಉಳಿಸಿಕೊಂಡ ಕಟ್ಟಡದ ಬಾಯ್ಲರ್ ಎಷ್ಟು ಹಳೆಯದು ಎಂದು ಮಾತ್ರ ಯಾರೂ ಕೇಳಲಿಲ್ಲ. ಮೊದಲ ಜನವರಿಯಲ್ಲೇ ಅದು ಕೈಕೊಟ್ಟಿತು; ಆರು ಭಾನುವಾರ ಕೋಟು, ಟೋಪಿ ಹಾಕಿಕೊಂಡೇ ಕೀರ್ತನೆ ಹಾಡಿದೆವು.

ಒಂದಾದ ಮೊದಲ ದಿನ ನಮ್ಮವರೆಲ್ಲ ಎಡಗಡೆ, ಅವರೆಲ್ಲ ಬಲಗಡೆ ಕುಳಿತರು, ಮದುವೆಮನೆಯಲ್ಲಿ ಎರಡೂ ಕಡೆಯ ಬೀಗರು ಕುಳಿತಂತೆ. ಅದನ್ನು ಸಡಿಲಿಸಿದ್ದು ಯಾವ ಉಪದೇಶದ ಪ್ರಸಂಗವೂ ಅಲ್ಲ, ತಿಂಗಳಿಗೊಂದು ಸೂಪಿನ ಊಟ. ಇಲ್ಲಿಯವರ ಬೇಳೆ ಸೂಪು ನಮ್ಮ ಕಟ್ಟಿನ ಸಾರಿಗೆ ದೂರದ ನೆಂಟ, ಒಗ್ಗರಣೆ ಒಂದಿಲ್ಲ. ಮೂರನೆಯ ತಿಂಗಳು ನಾನು ಒಗ್ಗರಣೆ ಹಾಕಿದೆ. ಆ ಬಗ್ಗೆ ಎದ್ದ ಪರ–ವಿರೋಧ ಗುಂಪುಗಳಲ್ಲಿ ಎರಡೂ ಸಭೆಯವರು ಬೆರೆತಿದ್ದರು!

ಹಿರಿಯಳಾಗುವ ಬಗ್ಗೆ: ಈ ದೀಕ್ಷೆ ಇಲ್ಲಿ ಜೀವಮಾನಕ್ಕೆ ಕೊಡುವಂಥದ್ದು. 1966ರಿಂದ ಹೆಂಗಸರಿಗೂ ಇದೆ. ಅವಸರ ಬೇಡ. ನಾನು ಒಂದು ವರ್ಷ ತಡೆದು ಒಪ್ಪಿಕೊಂಡೆ.

ಗ್ಲಾಸ್ಗೋದಿಂದ

ನಾನು ಸಣ್ಣ ಸಭೆಯನ್ನು ಬಿಟ್ಟವನು. ಬಿಟ್ಟವರ ಮಾತೂ ಒಂದಿರಲಿ. ನಮ್ಮ ಎರಡು ಮಕ್ಕಳು ಸಂಡೇ ಸ್ಕೂಲಿನಲ್ಲಿ ಒಂದೂವರೆ ವರ್ಷ ಒಬ್ಬರಿಗೊಬ್ಬರೇ ಜೊತೆ. ಟೀಚರಿಗೆ ಎಂಬತ್ತೊಂದು ವಯಸ್ಸು. ‘ಅಪ್ಪಾ, ನಾವು ಮನೆಯಲ್ಲೇ ಜಗಳವಾಡಬಹುದಲ್ಲ?’ ಎಂದು ಮಗ ಕೇಳಿದ ದಿನ ನಿರ್ಧಾರವಾಯಿತು. ಮಕ್ಕಳ ಸಲುವಾಗಿ ದೊಡ್ಡ ಸಭೆಗೆ ಹೋಗುವುದು ಓಡಿಹೋಗುವುದಲ್ಲ. ನಿಮ್ಮ ಯಜಮಾನರ ಮಾತನ್ನು ತಳ್ಳಿಹಾಕಬೇಡಿ.

ತಪ್ಪು ಮಾಡಿದ್ದು ಹೋದ ರೀತಿಯಲ್ಲಿ. ಹೇಳದೆ ಕೇಳದೆ ನಿಲ್ಲಿಸಿಬಿಟ್ಟೆವು. ಇಲ್ಲಿ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ) ಭಾನುವಾರಕ್ಕೆ ಮೊದಲು ಹಿರಿಯರು ತಮ್ಮ ಪಾಲಿನ ಬೀದಿಗಳ ಮನೆಮನೆಗೆ ಹೋಗಿ ಕಾರ್ಡ್ ಕೊಡುವ ಹಳೆಯ ಪದ್ಧತಿಯಿದೆ. ನಾವು ಬಿಟ್ಟು ಎರಡು ತಿಂಗಳಾದ ಮೇಲೆ ನಮ್ಮ ಬೀದಿಯ ಹಿರಿಯಮ್ಮ ಮಳೆಯಲ್ಲಿ ಬಂದು ಕಾರ್ಡ್ ಕೊಟ್ಟು, ಒಂದು ಪ್ರಶ್ನೆಯನ್ನೂ ಕೇಳದೆ, ಮಕ್ಕಳ ಶೀತದ ಬಗ್ಗೆ ಮಾತನಾಡಿ ಹೋದರು. ಆ ಕಾರ್ಡ್ ಇನ್ನೂ ನಮ್ಮ ಫ್ರಿಜ್ಜಿನ ಮೇಲಿದೆ. ಹೋಗುವುದಾದರೆ ಹೇಳಿ ಹೋಗಿ.

ಬೆಂಗಳೂರಿನಿಂದ, ನಿವೃತ್ತ ಸಭಾಪಾಲಕ

ಮಗಳೇ, ಎಪ್ಪತ್ತರ ದಶಕದ ಕೊನೆಗೆ ಎರಡು ವರ್ಷ ನಿಮ್ಮ ಆ ಚಳಿಯಲ್ಲಿ ಓದಿದವನು ನಾನು. ಅಷ್ಟು ಸಣ್ಣ ಊರುಗಳಲ್ಲಿ ಎರಡು ಮೂರು ಕಲ್ಲಿನ ಚರ್ಚುಗಳು ಏಕಿವೆ ಎಂದು ಯೋಚಿಸಿದ್ದೀಯಾ? ಸಭಾಪಾಲಕನನ್ನು ಆರಿಸುವ ಹಕ್ಕು ಜಮೀನುದಾರನದೋ ಸಭೆಯದೋ ಎಂಬ ಜಗಳ ಬೆಳೆದು 1843ರಲ್ಲಿ 450ಕ್ಕೂ ಹೆಚ್ಚು ಪಾಲಕರು ಮನೆ, ಸಂಬಳ ಎಲ್ಲ ಬಿಟ್ಟು ಹೊರನಡೆದು ಫ್ರೀ ಚರ್ಚ್ ಕಟ್ಟಿದರು. ಹಳೆಯ ಚರ್ಚಿನ ಎದುರಿಗೇ ಹೊಸದು ಎದ್ದಿತು. 1929ರಲ್ಲಿ ಬಹುಪಾಲು ಮತ್ತೆ ಒಂದಾದರು, ಕಟ್ಟಡಗಳು ಮಾತ್ರ ಹಾಗೆಯೇ ಉಳಿದವು. ಇಂದು ಮಾರಾಟಕ್ಕೆ ನಿಂತಿರುವ ಎಷ್ಟೋ ಚರ್ಚುಗಳು ಆ ಜಗಳದ ಕೂಸುಗಳು. ನಿನ್ನ ಸಭೆಯದು ಯಾವ ಕಾಲದ್ದು ಎಂದು ಅಲ್ಲಿನ ಮುದುಕರನ್ನು ಕೇಳು. ಅದು ಅವರಿಗೆ ಹೇಳಲು ಇಷ್ಟವಾದ ಕಥೆ.

ನಾವೂ ಈ ದಾರಿಯಲ್ಲಿ ಬಂದವರೇ. 1908ರಲ್ಲಿ ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲ್ ಸಭೆಗಳೂ ಒಂದಾದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಸಭೆಗಳು ಅವರೊಡನೆ ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ನನ್ನ ಅಜ್ಜಿ ಲಂಡನ್ ಮಿಷನ್ ಸಭೆಯವಳು, ಅಂದರೆ ಬಿಷಪ್ ಇಲ್ಲದ ಕಾಂಗ್ರಿಗೇಷನಲ್. ಬಿಷಪ್ ಬರುವುದು ಅವಳಿಗೆ ದೊಡ್ಡ ವಿಷಯವಾಗಿರಲಿಲ್ಲ. ಮೊಣಕಾಲೂರಿ ಕರ್ತನ ಭೋಜನದ ರೊಟ್ಟಿ ತೆಗೆದುಕೊಳ್ಳುವುದು ಆಗಿತ್ತು. ಬದುಕಿರುವವರೆಗೂ ಅವಳು ಬೆಂಚಿನಲ್ಲೇ ಕುಳಿತಳು, ಅಯ್ಯನವರೇ ಅವಳ ಬಳಿಗೆ ಬರುತ್ತಿದ್ದರು. ಕಂಬಳಿ, ಕಿಟಕಿ, ಬೆಂಚು ಎಂದು ಜಗಳವಾಡುವವರನ್ನು ಕಂಡು ನಗಬೇಡ ಎಂದಷ್ಟೇ ಹೇಳಿದೆ.

ಹಿರಿಯಳಾಗು. ತಡಮಾಡಬೇಡ. ಮೇಲಿನ ತಂಗಿಯ ಮಾತನ್ನು ನಾನು ಒಪ್ಪುವುದಿಲ್ಲ. ಕರೆ ಬಂದಾಗ ವರ್ಷಗಟ್ಟಲೆ ಲೆಕ್ಕ ಹಾಕುವವರು ಕೊನೆಗೆ ಲೆಕ್ಕವನ್ನಷ್ಟೇ ಹಾಕುತ್ತಾರೆ.

ಎಡಿನ್‌ಬರೋದಿಂದ, ಲೆಕ್ಕ ಹಾಕುವವನು

ಅಯ್ಯನವರು ಕ್ಷಮಿಸಬೇಕು, ನನ್ನ ಹೊಟ್ಟೆಪಾಡೇ ಲೆಕ್ಕ. ಮೇಡಂ, ಕರ್ಕ್ ಸೆಷನ್ನಿನ ಸದಸ್ಯರು ಸ್ಕಾಟ್ಲೆಂಡಿನ ಕಾನೂನಿನ ದೃಷ್ಟಿಯಲ್ಲಿ ಆ ದತ್ತಿಸಂಸ್ಥೆಯ ಟ್ರಸ್ಟಿಗಳು. ಬರೀ ತಟ್ಟೆ ಹಿಡಿದು ನಿಲ್ಲುವ ಗೌರವವಲ್ಲ, ಹೊಣೆ. ಒಪ್ಪುವ ಮೊದಲು ಕಳೆದ ಮೂರು ವರ್ಷಗಳ ಲೆಕ್ಕಪತ್ರ ಕೇಳಿ ನೋಡಿ. ಕೇಳಿದರೆ ಕೊಡುತ್ತಾರೆ, ಹಿಂದೇಟು ಹಾಕಿದರೆ ಅದೇ ನಿಮಗೆ ಉತ್ತರ. ಇನ್ನೊಂದು: ತೆರಿಗೆ ಕಟ್ಟುವವರು ಗಿಫ್ಟ್ ಏಯ್ಡ್ ಫಾರಂಗೆ ಸಹಿ ಹಾಕಿದರೆ ಪ್ರತಿ ಪೌಂಡ್ ಕಾಣಿಕೆಗೆ 25 ಪೆನ್ಸ್ ಸರ್ಕಾರದಿಂದ ಸಭೆಗೆ ಬರುತ್ತದೆ. ನಮ್ಮ ಸಭೆಯಲ್ಲಿ ಏಳು ಜನ ಹತ್ತು ವರ್ಷಗಳಿಂದ ಸಹಿ ಹಾಕಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ.

ಪೆನ್ಸಿಲ್ವೇನಿಯಾದಿಂದ

ಇಲ್ಲಿ ಅಮೆರಿಕದಲ್ಲೂ ಇದೇ ಗಾಳಿ. ನಮ್ಮದು ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚ್, ಪಿಸಿಯುಎಸ್‌ಎ. 1983ರಲ್ಲಿ ಉತ್ತರ, ದಕ್ಷಿಣದ ಎರಡು ಸಭೆಗಳು ಕೂಡಿದಾಗ 31 ಲಕ್ಷದಷ್ಟು ಸದಸ್ಯರಿದ್ದರು, ಈಗ ಹತ್ತು ಲಕ್ಷದ ಆಸುಪಾಸು. ನಮ್ಮ ಸಭೆಯಲ್ಲಿ 26 ಜನ. ಪೂರ್ಣಾವಧಿ ಪಾಲಕರಿಗೆ ಸಂಬಳ ಕೊಡಲಾಗದೆ, ತರಬೇತಿ ಪಡೆದ ಒಬ್ಬ ಹಿರಿಯರನ್ನು ಪ್ರೆಸ್ಬಿಟರಿ ನಮಗೆ ನೇಮಿಸಿಕೊಟ್ಟಿತು. ವಾರವೆಲ್ಲ ಶಾಲೆಯ ಬಸ್ ಓಡಿಸುವ ಅವರು ಭಾನುವಾರ ಪ್ರಸಂಗ ಮಾಡುತ್ತಾರೆ. ಚಿಕ್ಕದಾಗಿ ಮುಗಿಸುತ್ತಾರೆ ಎಂಬುದೂ ಒಂದು ಗುಣ.

ನಾನು ಎಚ್ಚರಿಸಬೇಕಾದದ್ದು ಹಳೆಯ ಅಯ್ಯನವರ ವಿಷಯ. ನಮ್ಮ ಹಿಂದಿನ ಪಾಲಕರು ನಿವೃತ್ತಿಯಾಗಿ ಅದೇ ಊರಿನಲ್ಲಿ ಉಳಿದರು. ಸೆಷನ್ನಿನ ಮಾಡರೇಟರ್ ಕರೆಯದೆ ಹಳೆಯ ಪಾಲಕರು ಅಲ್ಲಿ ಮದುವೆ, ಅಂತ್ಯಸಂಸ್ಕಾರ ನಡೆಸುವಂತಿಲ್ಲ ಎಂಬುದು ನಮ್ಮ ನಿಯಮ. ಗೊತ್ತಿದ್ದೂ ಜನ ನೇರವಾಗಿ ಅವರಿಗೇ ಫೋನ್ ಮಾಡುತ್ತಿದ್ದರು. ಒಂದು ಸಾವಿನಲ್ಲಿ ಅವರು ‘ಆಗುವುದಿಲ್ಲ’ ಎಂದರು. ಆ ಮನೆಯವರು ಇವತ್ತಿಗೂ ಬರುವುದಿಲ್ಲ. ನಿಯಮ ಸರಿಯೇ ಇತ್ತು. ಅದನ್ನು ಸಾವಿನ ದಿನ ಹೇಳಿದ್ದು ತಪ್ಪಾಯಿತು. ಬೀಳ್ಕೊಡುಗೆಯ ದಿನವೇ ಎಲ್ಲರ ಮುಂದೆ ಹೇಳಬೇಕಿತ್ತು. ನಿಮ್ಮ ಊರಿನಲ್ಲಿ ಕಟ್ಟುಪಾಡು ಹೇಗಿದೆಯೋ ಈಗಲೇ ವಿಚಾರಿಸಿಡಿ.

ಪ್ರಶ್ನೆ ಕೇಳಿದವಳು

ಎಲ್ಲವನ್ನೂ ಗಂಡನಿಗೆ ಓದಿ ಹೇಳಿದೆ. ಗ್ಲಾಸ್ಗೋದ ಅಣ್ಣನ ಮಾತು ಬಂದಾಗ ‘ನೋಡು’ ಎಂದರು, ಫ್ರಿಜ್ಜಿನ ಕಾರ್ಡಿನ ಬಳಿ ಸುಮ್ಮನಾದರು. ಅಯ್ಯನವರೇ, ಮೊಣಕಾಲೂರುವ ವಿಷಯ ಹೇಗೆ ತಿಳಿದಿರಿ? ನನಗಿಲ್ಲಿ ಮೊದಲ ವರ್ಷ ಅದೇ ಕೊರತೆಯಾಗಿತ್ತು. ಊರಲ್ಲಿ ಮುಂದೆ ಹೋಗಿ ಮೊಣಕಾಲೂರುತ್ತಿದ್ದವಳಿಗೆ, ಕುಳಿತಲ್ಲಿಗೇ ತಟ್ಟೆ ಬಂದು, ಪುಟ್ಟ ಗಾಜಿನ ಲೋಟ ಎತ್ತಿಕೊಂಡು, ಪಕ್ಕದವರಿಗೆ ದಾಟಿಸುವುದು ಬಸ್ಸಿನಲ್ಲಿ ಟಿಕೆಟ್ ದಾಟಿಸಿದಂತೆ ಅನಿಸುತ್ತಿತ್ತು. ಆಮೇಲೊಮ್ಮೆ ಪಕ್ಕದ ಅಜ್ಜಿಯ ಕೈ ನಡುಗಿ, ನಾನು ಅವರಿಗಾಗಿ ಲೋಟ ಹಿಡಿದೆ. ಆಗಿನಿಂದ ಹಾಗೆ ಅನಿಸಿಲ್ಲ.

ಇನ್ನೊಂದು ಕೇಳಬೇಕು. ನಮ್ಮ ಗೋಡೆಯಲ್ಲಿ ಎರಡು ಮಹಾಯುದ್ಧಗಳಲ್ಲಿ ಸತ್ತವರ ಹೆಸರಿನ ಕಲ್ಲಿದೆ. ದಿನವೂ ಜಗಳ ಹತ್ತುವುದು ಅದರ ಬಳಿಯೇ. ಕಟ್ಟಡ ಹೋದರೆ ಅದು ಎಲ್ಲಿಗೆ?

ಅಬರ್ಡೀನ್‌ಷೈರಿನಿಂದ, ಮತ್ತೆ

ನಮ್ಮಲ್ಲಿ ಅದಕ್ಕೆ ಆರು ತಿಂಗಳು ಹಿಡಿಯಿತು. ಕೊನೆಗೆ ಉಳಿದ ಕಟ್ಟಡದ ಬಾಗಿಲ ಬಳಿಗೆ ತಂದು ನಿಲ್ಲಿಸಿದೆವು. ಕಟ್ಟಡ ಮಾರಾಟಕ್ಕೆ ಇಡುವ ಮೊದಲೇ ಇದು ತೀರ್ಮಾನವಾಗಲಿ. ನವೆಂಬರ್ ಎರಡನೆಯ ಭಾನುವಾರದ ಸ್ಮರಣೆಗೆ ಆ ಹೆಸರುಗಳ ಮುಂದೆ ನಿಲ್ಲಲು ಜಾಗವಿಲ್ಲದಿದ್ದರೆ ಒಂದಾಗುವ ಕರಾರು ಎಷ್ಟು ಚೆನ್ನಾಗಿದ್ದರೂ ಜನ ಕ್ಷಮಿಸುವುದಿಲ್ಲ. ಸೆಷನ್ನಿನ ಹಳೆಯ ನಡಾವಳಿ ಪುಸ್ತಕ, ದೀಕ್ಷಾಸ್ನಾನದ ದಾಖಲೆ ಯಾರದಾದರೂ ಮನೆಯ ಅಟ್ಟ ಸೇರದಂತೆ ನೋಡಿಕೊಳ್ಳಿ. ಅಂಥ ಹಳೆಯ ದಾಖಲೆಗಳನ್ನು ಎಡಿನ್‌ಬರೋದ ರಾಷ್ಟ್ರೀಯ ದಾಖಲೆಗಳ ಕಚೇರಿ ಕಾಪಾಡುತ್ತದೆ. ನಮ್ಮ ಒಂದು ಪುಸ್ತಕ ಪಿಯಾನೊ ಸ್ಟೂಲಿನ ಒಳಗೆ ಸಿಕ್ಕಿತು!

ಕೊನೆಯ ಆರಾಧನೆಯ ದಿನ ಕಾರ್ಯಕ್ರಮ ಚಿಕ್ಕದಾಗಿರಲಿ. ಇಲ್ಲಿ ಆರಾಧನೆ ಆರಂಭವಾಗುವಾಗ ಬೀಡಲ್, ಅಂದರೆ ಚರ್ಚಿನ ಸೇವಕ, ಬೈಬಲನ್ನು ಹೊತ್ತು ಒಳಗೆ ತರುತ್ತಾನಲ್ಲ, ಅಂದು ನಮ್ಮ ಬೀಡಲ್ ಅದನ್ನೇ ಹೊರಗೆ ಹೊತ್ತು ನಡೆದ. ನಾಲ್ಕು ಮೈಲಿ ದೂರದ ಚರ್ಚಿಗೆ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು ಹೋದ. ಅತ್ತವರೂ ಅದನ್ನು ನೋಡಿ ನಕ್ಕರು.

ಪ್ರಶ್ನೆ ಕೇಳಿದವಳು, ಮೂರು ವಾರಗಳ ಬಳಿಕ

ಲೆಕ್ಕಪತ್ರ ಕೇಳಿದೆ, ಕೊಟ್ಟರು. ಸೆಷನ್ ಕ್ಲರ್ಕ್ ಜೊತೆ ಕುಳಿತು ಮಾತನಾಡಿದೆ. ಹಿರಿಯಳಾಗುವುದನ್ನು ಒಂದಾದ ಸಭೆಯಲ್ಲಿ, ಮತ್ತೆ ಕರೆದರೆ, ನೋಡೋಣ ಎಂದೆ (ಅಯ್ಯನವರೇ, ಬೈಯಬೇಡಿ). ಅವರಿಗೆ ಬೇಸರವಾಯಿತು, ಮುಚ್ಚಿಡಲಿಲ್ಲ. ತಿಂಗಳಿಗೊಂದು ಭಾನುವಾರ ಮಗಳನ್ನು ಎಡಿನ್‌ಬರೋಗೆ ಕರೆದುಕೊಂಡು ಹೋಗುತ್ತೇವೆ ಎಂದೂ ಹೇಳಿಬಿಟ್ಟೆ. ಉಳಿದ ಭಾನುವಾರಗಳಿಗೆ ನಾನೇ ಒಂದು ಕೆಲಸ ಕೇಳಿ ತೆಗೆದುಕೊಂಡಿದ್ದೇನೆ. ಕೀಲಿ ನನ್ನ ಬಳಿ ಇದೆ; ಹನ್ನೊಂದರ ಆರಾಧನೆಗೆ ಬಾಯ್ಲರನ್ನು ಏಳಕ್ಕೇ ಹಚ್ಚಬೇಕಂತೆ. ಅದು 1988ರದು. ಪಕ್ಕದ ಸಭೆಯದು ಎಷ್ಟನೆಯ ಇಸವಿಯದು ಎಂದು ವಿಚಾರಿಸಲು ಹೇಳಿದ್ದೇನೆ.