ಪದಚರ್ಚೆ: ಕಾರಿನ ‘ಡೋರ್ ಅಲೈನ್‌ಮೆಂಟ್’ಗೆ ಬೋರ್ಡಿನಲ್ಲಿ ಏನು ಬರೆಯೋಣ? (ಅವಸರ)

ಬನ್ನಿಮಂಟಪ, ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ ಹಳೇ ಕಾರುಗಳ ಗ್ಯಾರೇಜೊಂದಿದೆ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದಿದರಲ್ಲ, ಅವರು ಈಗ ಬೋರ್ಡು ಬದಲಿಸುತ್ತಿದ್ದಾರೆ. ಬರೆಯುವವನು ನಾಳೆ ಸಂಜೆ ಬರುತ್ತಾನೆ. ಜೊತೆಗೆ ಗಿರಾಕಿಗಳಿಗೆ ಕೊಡಲು ಒಂದು ಪುಟದ ಕರಪತ್ರ. ಅದರ ಅನುವಾದ ನನ್ನ ತಲೆಗೆ ಬಂದಿದೆ.

ತೊಡಕು ‘ಡೋರ್ ಅಂಡ್ ಪ್ಯಾನೆಲ್ ಅಲೈನ್‌ಮೆಂಟ್’ನದು. ಬರೀ ‘ಅಲೈನ್‌ಮೆಂಟ್’ ಎಂದು ಬರೆದರೆ ಜನ ಚಕ್ರದ್ದು ಅಂದುಕೊಂಡು ಸ್ಕೂಟಿ ಸಮೇತ ಒಳಗೆ ಬರುತ್ತಾರೆ. ಸದ್ಯ ಅಲ್ಲಿ ನಿಂತಿರುವುದು ಒಂದು ಎಂಜಿಬಿ. ಎರಡು ಸೀಟಿನ, ಮೇಲೆ ರೂಫ್ ಇಲ್ಲದ ಸ್ಪೋರ್ಟ್ಸ್ ಕಾರು. ಎಡಗಡೆ ಡೋರಿನ ಹಿಂದಿನ ಸಂದು ಮೇಲ್ಗಡೆ ಉಗುರೂ ತೂರದಷ್ಟು ಇಕ್ಕಟ್ಟು, ಕೆಳಗಡೆ ಕಿರುಬೆರಳೇ ಹೋಗುತ್ತದೆ. ಪಕ್ಕದಲ್ಲಿ ಉದ್ದಕ್ಕೂ ಓಡುವ ಕ್ರೋಮ್ ಪಟ್ಟಿ ಡೋರಿನ ಹತ್ತಿರ ಬಂದು ತಪ್ಪಿಹೋಗಿದೆ. ಇದನ್ನು ಸರಿ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? ‘ಹೊಂದಾಣಿಕೆ’ ಬರೆದರೆ ವಧೂವರರ ಕೇಂದ್ರದ ಥರ ಕಾಣುತ್ತೆ.

ಕುವೆಂಪುನಗರ, ಮೈಸೂರು:

‘ಸಮರೇಖನ.’ ಚಿಕ್ಕದು, ಶಿಷ್ಟವಾದದ್ದು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಮಂಡ್ಯ:

ಮೇಷ್ಟ್ರೇ, ‘ಸಮರೇಖನ’ ಅಂತ ಬರೆದರೆ ರೇಖಾಗಣಿತದ ಟ್ಯೂಷನ್ನು ಅಂದುಕೊಂಡು ಮಕ್ಕಳನ್ನು ಸೇರಿಸಲು ಬರುತ್ತಾರೆ. ಕೆಲಸ ಮಾಡುವವರು ಏನಂತಾರೆ ಅಂತ ಯಾರಾದರೂ ಕೇಳಿದಿರಾ? ಟಿಂಕರಿಂಗಿನವರು ‘ಡೋರ್ ಸೆಟ್ಟಿಂಗ್’ ಅನ್ನುತ್ತಾರೆ. ಬಡಗಿಗಳು ‘ಬಾಗಿಲು ಕೂರಿಸೋದು’ ಅನ್ನುತ್ತಾರೆ. ‘ಬಾಗಿಲು ಜೋತಿದೆ, ಸರಿಯಾಗಿ ಕೂರ್ತಿಲ್ಲ’ ಎಂದರೆ ನಮ್ಮ ಕಡೆ ಅಜ್ಜಿಗೂ ಅರ್ಥವಾಗುತ್ತದೆ. ‘ಬಾಗಿಲು ಕೂರಿಸುತ್ತೇವೆ’ ಎಂದು ಬರೆಸಿ, ಸಾಕು.

ಜಯಲಕ್ಷ್ಮೀಪುರಂ, ಮೈಸೂರು:

ಕ್ರಿಯಾಪದ ಸರಿ, ನಾಮಪದ ತಪ್ಪು. ಬಾಗಿಲು ಕೂರಿಸಲು ಬರುವುದಿಲ್ಲ, ಅದು ದಾರಿ. ಬಾಯಿ + ಇಲ್, ಮನೆಯ ಬಾಯಿ. ತಮಿಳಿನ ‘ವಾಯಿಲ್’ ನೋಡಿಕೊಳ್ಳಿ. ಮುಚ್ಚಿ ತೆರೆಯುವ ಹಲಗೆ ‘ಕದ’, ತಮಿಳಿನಲ್ಲಿ ‘ಕದವು’. ‘ಕದ ತಟ್ಟು’ ಎನ್ನುತ್ತೇವಲ್ಲ, ತಟ್ಟುವುದು ಹಲಗೆಯನ್ನು. ದಾರಿಯನ್ನು ಯಾರೂ ತಟ್ಟುವುದಿಲ್ಲ. ನಮ್ಮ ಈ ಪದಚರ್ಚೆಯ ಗುಂಪಿನಲ್ಲಿ ಇದನ್ನು ಇನ್ನೆಷ್ಟು ಸಲ ಹೇಳಬೇಕೋ.

ಮಂಡ್ಯ:

‘ವಾಯಿಲ್’ನ ಯಕಾರ ನಮ್ಮಲ್ಲಿ ಗಕಾರ ಆದದ್ದು ಹೇಗೆ ಅಂತ ಹೋದ ಸಲವೂ ಕೇಳಿದ್ದೆ. ಉತ್ತರ ಬರಲಿಲ್ಲ. ಮತ್ತೆ ‘ಬಾಗಿಲು ಹಾಕು’ ಅಂತೀವಲ್ಲ, ಅದೇನು ದಾರಿ ಹಾಕೋದಾ?

ಜಯಲಕ್ಷ್ಮೀಪುರಂ, ಮೈಸೂರು:

ದಾರಿ ಮುಚ್ಚು ಅಂತ. ನಾನು ಹೇಳಿದ್ದೂ ಅದನ್ನೇ.

ಹೆಬ್ಬಾಳ, ಮೈಸೂರು:

ಇಬ್ಬರೂ ಒಂದು ನಿಮಿಷ ನಿಲ್ಲಿ. ಯಕಾರದ ಗೊಡವೆ ನನಗೆ ಬೇಡ. ಆದರೆ ಈ ಕದ–ಬಾಗಿಲಿನ ವ್ಯತ್ಯಾಸ ಗ್ಯಾರೇಜಿನಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ನಾನು ಇದೇ ಕಸುಬಿನವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದ ಕಾರು. ಅದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ರೂಫ್ ಇಲ್ಲದ ಮಾದರಿಯಲ್ಲಿ ಆ ಭಾರದಲ್ಲಿ ಹೆಚ್ಚಿನ ಪಾಲು ಡೋರಿನ ಕೆಳಗಿನ ಸಿಲ್‌ಗಳ ಮೇಲೆ ಬೀಳುತ್ತದೆ. ಸಿಲ್ ಅಂದರೆ ನಮ್ಮ ಹೊಸ್ತಿಲೇ, ಹೊಸ ಪದ ಹುಡುಕಬೇಡಿ. ಹೊಸ್ತಿಲೊಳಗೆ ನೀರು ನಿಂತು ತುಕ್ಕು ತಿಂದರೆ ಕಾರು ನಡುವಿನಲ್ಲಿ ಕುಗ್ಗುತ್ತದೆ. ಆಗ ಡೋರಿನ ಹಿಂದೆ ಮುಂದೆ ಇರುವ ಎರಡು ಕಂಬಗಳೂ ಮೇಲ್ಗಡೆ ಹತ್ತಿರವಾಗುತ್ತವೆ. ಬನ್ನಿಮಂಟಪದವರು ಬರೆದ ಆ ಮೇಲೆ ಇಕ್ಕಟ್ಟು, ಕೆಳಗೆ ಅಗಲ ಇದೆಯಲ್ಲ, ಅದು ಸಾಮಾನ್ಯವಾಗಿ ಇದೇ ಕಾಯಿಲೆ. ಇಲ್ಲಿ ಕದ ನೆಟ್ಟಗಿದೆ, ಬಾಗಿಲು ಕುಗ್ಗಿದೆ. ಗಿರಾಕಿ ಮಾತ್ರ ‘ಡೋರ್ ಸರಿ ಮಾಡಿ’ ಎನ್ನುತ್ತಾನೆ. ಕೆಲವರು ಕೀಲಿನ ಹಿಂದೆ ತಗಡು ತುರುಕಿ ಕಳಿಸುತ್ತಾರೆ. ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ.

ಕರಪತ್ರದಲ್ಲಿ ಈ ಪರೀಕ್ಷೆ ಹಾಕಿ: ಕಾರಿನ ನಡುಭಾಗಕ್ಕೆ, ಗಟ್ಟಿ ಜಾಗ ನೋಡಿ, ಜಾಕ್ ಕೊಟ್ಟು ಚೂರು ಎತ್ತಿದಾಗ ಮೇಲಿನ ಸಂದು ಬಿಟ್ಟುಕೊಂಡರೆ ತಪ್ಪು ಹೊಸ್ತಿಲಿನದು. ಹಾಗಿದ್ದರೆ ಹೊಸ್ತಿಲು ಕತ್ತರಿಸುವ ಮುಂಚೆ ಬಾಗಿಲಿಗೆ ಅಡ್ಡಪಟ್ಟಿ ವೆಲ್ಡ್ ಮಾಡಿಕೊಳ್ಳಬೇಕು. ಮಾಡದಿದ್ದರೆ ಕುಗ್ಗಿದ ಆಕಾರವೇ ಖಾಯಂ ಆಗುತ್ತದೆ.

ಕೂರಿಸುವಾಗ ಮೊದಲು ಲಾಕಿನ ಸ್ಟ್ರೈಕರ್, ಅಂದರೆ ಕಂಬದ ಮೇಲೆ ಲಾಕು ಕಚ್ಚಿಕೊಳ್ಳುವ ತುಂಡು, ಬಿಚ್ಚಿಡಬೇಕು. ಇಲ್ಲದಿದ್ದರೆ ಜೋತ ಕದವನ್ನು ಅದು ಎತ್ತಿ ಹಿಡಿದು, ಎಲ್ಲ ಸರಿ ಇದೆ ಅನ್ನಿಸಿಬಿಡುತ್ತದೆ. ರಬ್ಬರೂ ಬೇಡ, ಹೊಸ ರಬ್ಬರು ಕದವನ್ನು ಹೊರಕ್ಕೆ ನೂಕುತ್ತದೆ. ಹಿಂದಿನ ವಿಂಗ್ (ಚಕ್ರದ ಮೇಲಿನ ಬಾಡಿ ಭಾಗ) ವೆಲ್ಡ್ ಆಗಿರುವುದರಿಂದ ಅದಕ್ಕೆ ಕದವನ್ನು ಕೂರಿಸಬೇಕು. ಮುಂದಿನ ವಿಂಗ್ ಬೋಲ್ಟಿನದು, ಅದನ್ನು ಕದಕ್ಕೆ. ಬಾನೆಟ್ ಎಲ್ಲಕ್ಕಿಂತ ಕೊನೆಗೆ. ನಾನು 4 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪು ಕಡೆಯನ್ನು ಸಂದಿನಲ್ಲಿ ಮೇಲಿನಿಂದ ಕೆಳಗೆ ಜಾರಿಸಿ ನೋಡುತ್ತೇನೆ. ಕಾರು ತನ್ನ ಚಕ್ರದ ಮೇಲೆ ನಿಂತಿರಬೇಕು, ಅದು ಮುಖ್ಯ.

‘ಅಲೈನ್‌ಮೆಂಟ್’ಗೆ ಒಂದೇ ಪದ ಯಾಕೆ ಬೇಕೋ ನನಗೆ ತಿಳಿಯುತ್ತಿಲ್ಲ. ನಾವು ನೋಡುವುದು ಸಂದು, ಮಟ್ಟ, ಗೆರೆ. ಸಂದು ಒಂದೇ ಅಗಲ ಇರಬೇಕು. ಕದ ವಿಂಗಿಗಿಂತ ಉಬ್ಬಿಯೂ ಇರಬಾರದು, ತಗ್ಗಿಯೂ ಇರಬಾರದು. ಗೆರೆ ಕಡಿಯಬಾರದು. ಇದೇ ಅಲ್ವಾ ಅಲೈನ್‌ಮೆಂಟು?

ಕುವೆಂಪುನಗರ, ಮೈಸೂರು:

‘ಸಂದು’ ಎಂಬುದು ‘ಸಂಧಿ’ಯ ತದ್ಭವ. ಸಂಸ್ಕೃತ ಬೇಡವೆಂದವರು ಅದನ್ನು ಹಿಂಬಾಗಿಲಿನಿಂದ ತಂದದ್ದು ಸಂತೋಷ.

ಜಯಲಕ್ಷ್ಮೀಪುರಂ, ಮೈಸೂರು:

ಹಿಂಗದದಿಂದ. ಮತ್ತೆ, ತದ್ಭವ ಆದಮೇಲೆ ಅದು ನಮ್ಮದು. ನನ್ನ ತಕರಾರು ಇರುವುದು ‘ಸ್ಟ್ರೈಕರ್’, ‘ವಿಂಗ್’, ‘ಬಾನೆಟ್’ ಬಗ್ಗೆ. ವಿಂಗಿಗೆ ‘ರೆಕ್ಕೆ’ ಎನ್ನಲು ಏನು ಕಷ್ಟ?

ಹೆಬ್ಬಾಳ, ಮೈಸೂರು:

ಸಾರ್, ‘ರೆಕ್ಕೆ ಬಿಚ್ಚಿ’ ಅಂದರೆ ನಮ್ಮ ಹುಡುಗ ಕೋಳಿ ಅಂಗಡಿಗೆ ಹೋಗ್ತಾನೆ.

ಧಾರವಾಡ:

ದೂರದಿಂದ ಒಂದು ಮಾತು. ನೀವು ‘ಕೀಲು’ ಅನ್ನುವುದಕ್ಕೆ ನಮ್ಮಲ್ಲಿ ‘ಬಿಜಾಗರಿ’ ಎನ್ನುತ್ತಾರೆ. ಅದು ಪೋರ್ಚುಗೀಸರ ‘ಬಿಸಾಗ್ರ’. ‘ಚಾವಿ’ಯೂ ಅವರದೇ. ನಿಮ್ಮ ಮೈಸೂರಿನ ಮನೆಮನೆಯ ‘ಬೀರು’ ಫ್ರೆಂಚರ ‘ಬ್ಯೂರೋ’. ‘ಕಿಟಕಿ’ ಹಿಂದಿ ಕಡೆಯದು. ಇವನ್ನೆಲ್ಲ ಒಳಗೆ ಬಿಟ್ಟುಕೊಂಡು ಬಾನೆಟ್ಟನ್ನು ಮಾತ್ರ ಹೊರಗೆ ನಿಲ್ಲಿಸುವುದು ಯಾವ ನ್ಯಾಯ?

ಜಯಲಕ್ಷ್ಮೀಪುರಂ, ಮೈಸೂರು:

ಕಳ್ಳ ಒಮ್ಮೆ ನುಗ್ಗಿದ ಅಂತ ದಿನಾ ಬಾಗಿಲು ತೆಗೆದಿಡುತ್ತೀರಾ?

ಮಂಡ್ಯ:

ಬಾಗಿಲೋ? ಕದವೋ?

ಬನ್ನಿಮಂಟಪ, ಮೈಸೂರು:

ಎಲ್ಲರಿಗೂ ಧನ್ಯವಾದ. ಬೋರ್ಡಿಗೆ ಇದು ಹೋಗುತ್ತಿದೆ: ‘ಹಳೇ ಕಾರುಗಳ ಬಾಗಿಲು, ಬಾಡಿ ಕೂರಿಸಿ ಸಂದು ಸರಿ ಮಾಡಲಾಗುವುದು’. ಬೋರ್ಡಿನಲ್ಲಿ ‘ಕದ’ ಹಾಕುತ್ತಿಲ್ಲ, ರಸ್ತೆಯಲ್ಲಿ ಹೋಗುವವರಿಗೆ ಮರದ ಕೆಲಸ ಅನ್ನಿಸುತ್ತೆ. ಕರಪತ್ರದಲ್ಲಿ ಮಾತ್ರ ಕದ, ಬಾಗಿಲು, ಹೊಸ್ತಿಲು ಮೂರನ್ನೂ ಬೇರೆ ಬೇರೆ ಇಟ್ಟಿದ್ದೇನೆ. ‘ಕದ ನೆಟ್ಟಗಿದೆ, ಬಾಗಿಲು ಕುಗ್ಗಿದೆ’ ಎನ್ನುವುದನ್ನು ಓದಿದ ಗ್ಯಾರೇಜಿನವರು, ಬಿಲ್ಲು ಜಾಸ್ತಿ ಯಾಕೆ ಅಂತ ಇನ್ನು ಬಾಯಿ ನೋಯಿಸಿಕೊಳ್ಳಬೇಕಿಲ್ಲ ಎಂದರು. ವಿಂಗ್, ಬಾನೆಟ್, ಸ್ಟ್ರೈಕರ್ ಹಾಗೇ ಇರುತ್ತವೆ. ಬೀರು, ಬಿಜಾಗರಿ ಜಗಳಕ್ಕೆ ದಯವಿಟ್ಟು ಬೇರೆ ಎಳೆ ಶುರು ಮಾಡಿ.

ಕುವೆಂಪುನಗರ, ಮೈಸೂರು:

‘ಮಾಡಲಾಗುವುದು’ ಎಂಬ ಕರ್ಮಣಿ ಪ್ರಯೋಗ ಯಾತಕ್ಕೆ? ಮಾಡುವವರಿಗೆ ಹೆಸರಿಲ್ಲವೇ?