ಅಧೀಕ್ಷಕಿಯಾಗಿ ಬಡ್ತಿ ಬಂತು, ಜನರ ಹತ್ತಿರ ಕೆಲಸ ತೆಗೆಯುವುದನ್ನು ಎಲ್ಲಿ ಕಲಿಯಲಿ?

ತುಮಕೂರಿನವಳು:
ನಮಸ್ಕಾರ. 11 ವರ್ಷ ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿದ್ದೆ, ಹೋದ ತಿಂಗಳು ಅಧೀಕ್ಷಕಿಯಾದೆ. ಅಕೌಂಟ್ಸ್ ಹೈಯರ್, ಜನರಲ್ ಲಾ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಎಲ್ಲಾ ಪಾಸಾಗಿದೆ. ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ಕೇಳಿದರೆ ಹೇಳುತ್ತೇನೆ. ಆದರೆ ನಿನ್ನೆಯವರೆಗೆ ಪಕ್ಕದ ಟೇಬಲ್‌ನಲ್ಲಿ ಕೂತು ಒಟ್ಟಿಗೆ ಊಟ ಮಾಡುತ್ತಿದ್ದವರಿಗೆ ಇವತ್ತು "ಈ ಕಡತ ಯಾಕೆ ಬಾಕಿ ಇದೆ" ಅಂತ ಕೇಳುವುದು ಹೇಗೆ ಅನ್ನುವುದನ್ನು ಯಾವ ಪರೀಕ್ಷೆಯೂ ಕಲಿಸಲಿಲ್ಲ. ಒಳ್ಳೆಯ ತರಬೇತಿ ಇದೆಯಾ?

ನಿವೃತ್ತ ಶಿರಸ್ತೇದಾರ್:
ಮೇಡಂ, ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಮತ್ತು ನಿಮ್ಮ ಜಿಲ್ಲಾ ತರಬೇತಿ ಸಂಸ್ಥೆಯ ವೇಳಾಪಟ್ಟಿ ನೋಡಿ, ನಿಮ್ಮ ಹೆಸರು ಕಳಿಸಲು ಮೇಲಧಿಕಾರಿಗೆ ಬರೆದುಕೊಡಿ. ಸುಮ್ನೆ ಕಾಯಬೇಡಿ, ಕೇಳದಿದ್ದರೆ ಯಾರೂ ಕಳಿಸುವುದಿಲ್ಲ. ನಾನು ಪ್ರತಿ ಸೋಮವಾರ ಎಲ್ಲರ ಜೊತೆ ಕೂತು ಬಾಕಿ ಪಟ್ಟಿ ನೋಡುತ್ತಿದ್ದೆ. ನಿಗದಿತ ದಿನದೊಳಗೆ ಸೇವೆ ಕೊಡಬೇಕಾದ ಸಕಾಲ ಅರ್ಜಿ ಮೊದಲು. ತಪ್ಪು ಕಂಡರೆ ಒಬ್ಬರನ್ನೇ ಕರೆದು ಹೇಳುತ್ತಿದ್ದೆ, ಎಲ್ಲರ ಮುಂದೆ ಯಾವತ್ತೂ ಇಲ್ಲ.

ಮಲೆನಾಡಿಗ:
ಸರ್ಕಾರಿ ನೌಕರರಿಗೆ ಆನ್‌ಲೈನ್ ಕೋರ್ಸ್ ಕೊಡುವ ಐಗಾಟ್ ಕರ್ಮಯೋಗಿ ತಾಣದಲ್ಲೂ ನೋಡಿ, 2020ರಲ್ಲಿ ಕೇಂದ್ರ ಒಪ್ಪಿದ ಮಿಷನ್ ಕರ್ಮಯೋಗಿ ಅನ್ನುವ ನೌಕರರ ತರಬೇತಿ ಕಾರ್ಯಕ್ರಮದ ಭಾಗ ಅದು. ಕೋರ್ಸ್ ಮುಗಿಸಿದರೆ ಪ್ರಮಾಣಪತ್ರ ಸಿಗುತ್ತದೆ. ಪ್ರಮಾಣಪತ್ರಕ್ಕಾಗಿ ವಿಡಿಯೋ ಓಡಿಸಿಬಿಟ್ಟರೆ ಏನೂ ಉಪಯೋಗವಿಲ್ಲ, ಒಂದೊಂದೇ ಪಾಠ ಕೇಳಿ ಮರುದಿನ ಕಚೇರಿಯಲ್ಲಿ ಮಾಡಿ ನೋಡಿ.

ತುಮಕೂರಿನವಳು:
ತುಂಬಾ ಥ್ಯಾಂಕ್ಸ್ ಸರ್. ತರಬೇತಿಗೆ ನಾಳೆಯೇ ಪತ್ರ ಕೊಡುತ್ತೇನೆ. ಆದರೆ ಸೋಮವಾರದ ಸಭೆಗೆ ನನಗಿಂತ ಹಿರಿಯರೊಬ್ಬರು ಬರುವುದಿಲ್ಲ ಅಂದರೆ?

ನಿವೃತ್ತ ಶಿರಸ್ತೇದಾರ್:
ನೀವೇ ಅವರ ಟೇಬಲ್ ಹತ್ತಿರ ಹೋಗಿ ಕೂತುಕೊಳ್ಳಿ. ಮೊದಲು ಅವರ ಕಷ್ಟ ಕೇಳಿ, ಆಮೇಲೆ ಕಡತ.